ಚಂದನಳ ವೀಕ್ಷಣೆ ಪುಸ್ತಕ

ಊರಿನ ಹೆಸರು ಬರೆಯುವುದಿಲ್ಲ. ಸಮೇತನಹಳ್ಳಿ ದಾಟಿ ಒಳಕ್ಕೆ ಹೋದರೆ ಸಿಗುವ ಹತ್ತಾರು ಹಳ್ಳಿಗಳಲ್ಲಿ ಅದೂ ಒಂದು ಅಂದುಕೊಳ್ಳಿ. ತಪ್ಪು ಊರಿನದಲ್ಲ, ನನ್ನದು. ಹಾಗಾಗಿ ನನ್ನ ಹೆಸರು ಬರೆದರೆ ಸಾಕು: ಅನಸೂಯ. ಇಪ್ಪತ್ತಮೂರು ವರ್ಷದಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಬೆಳಿಗ್ಗೆ ಹೊಸಕೋಟೆಯಿಂದ ಎಂಟೂಕಾಲರ ಬಸ್ಸು, ಸಂಜೆ ಐದರ ಬಸ್ಸಿಗೆ ವಾಪಸ್ಸು.

ನನಗೆ ಮೂಗಿನ ತುದಿಯಲ್ಲೇ ಕೋಪ. ಮಕ್ಕಳ ಮೇಲಲ್ಲ, ದೊಡ್ಡವರ ಮೇಲೆ. ಮಗುವಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗದೆ ದೃಷ್ಟಿ ತೆಗೆದು ಕೂರುವವರು, ಗ್ರಹಣದ ದಿನ ಬಿಸಿಯೂಟ ಬೇಡ ಎಂದು ಗೇಟಿನ ಹತ್ತಿರ ಬಂದು ನಿಲ್ಲುವವರು, ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ಎಲ್ಲದಕ್ಕೂ 'ಕಾರಣ ಏನು' ಎಂದು ಕೇಳುವುದು ನನ್ನ ಚಟ. ನನ್ನ ಬೆನ್ನ ಹಿಂದೆ ಸ್ಟಾಫ್ ರೂಮಿನಲ್ಲಿ 'ಕಾರಣ ಮೇಡಂ' ಎನ್ನುತ್ತಾರೆಂದು ನನಗೆ ಗೊತ್ತು. ಅದು ಬಿರುದು ಎಂದೇ ತಿಳಿದುಕೊಂಡಿದ್ದೆ.

ಆರನೇ ಕ್ಲಾಸಿನ ಮಕ್ಕಳಿಗೆ ಜೂನ್‌ನಲ್ಲೇ ಒಂದೊಂದು ನೋಟ್‌ಬುಕ್ಕು ಮಾಡಿಸುತ್ತೇನೆ. ಅದಕ್ಕೆ ವೀಕ್ಷಣೆ ಪುಸ್ತಕ ಎಂದು ಹೆಸರು. ಹೊರಗೆ ಹೋದಾಗ ಏನು ನೋಡಿದರೋ ಅದನ್ನು ತಾರೀಖು ಹಾಕಿ ಬರೆಯಬೇಕು. ಕೆಳಗೆ 'ಕಾರಣ' ಎಂದು ಒಂದು ಸಾಲು ಖಾಲಿ ಬಿಟ್ಟಿರಬೇಕು, ತಿಳಿದಾಗ ತುಂಬಬೇಕು. ಮೊದಲನೇ ಪುಟದಲ್ಲಿ ನಾನು ಹೇಳಿ ಬರೆಸುವ ಮಾತು ಒಂದೇ: ಕಂಡದ್ದನ್ನು ಬರಿ, ಅಂದುಕೊಂಡದ್ದನ್ನು ಬರೀಬೇಡ.

ಹೋದ ಆಗಸ್ಟಿನಲ್ಲಿ ಜೀವನಚಕ್ರದ ಪಾಠ ಬಂತು. ಪುಸ್ತಕದಲ್ಲಿ ಚಿಟ್ಟೆಯ ಚಿತ್ರ. ಎರಡು ಮನೆಗೊಂದು ರೇಷ್ಮೆ ಹುಳು ಸಾಕುವ ಊರಿನಲ್ಲಿ ಕೂತು ಚಿತ್ರ ನೋಡುವುದು ನಾಚಿಕೆಗೇಡು ಅನ್ನಿಸಿತು. ಹತ್ತೊಂಬತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹುಳುಮನೆಗಳಿಗೆ ಕರೆದುಕೊಂಡು ಹೊರಟೆ.

ಮೊದಲು ಹೋದದ್ದು ಕೆಂಪರಾಜನ ಹುಳುಮನೆಗೆ. ಅವನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ, ನೋಡ್ಕೊಂಡು ಬನ್ನಿ ಎಂದು ದೂರದಿಂದಲೇ ಕೈ ಬೀಸಿದ. ಅವನ ಹುಳುಗಳು ಆಗಲೇ ದೊಡ್ಡವು, ನಾಲ್ಕನೇ ಜ್ವರ ಮುಗಿಸಿದ್ದವು. ಹುಳು ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ಮನಿರುತ್ತದಲ್ಲ, ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಅಲ್ಲಿಂದ ವೆಂಕಟರಾಯಪ್ಪನವರ ಹುಳುಮನೆ. ಎಪ್ಪತ್ತು ದಾಟಿದ ಯಜಮಾನರು, ಚಿಕ್ಕಂದಿನಿಂದ ಹುಳು ಸಾಕಿದ ಕೈ. ಅವರ ಮೊಮ್ಮಗಳು ನವ್ಯಶ್ರೀ ನನ್ನ ಕ್ಲಾಸಿನವಳೇ. ಅವರ ಹುಳುಗಳು ಇನ್ನೂ ಮೂರನೇ ಜ್ವರದಿಂದ ಎದ್ದಿದ್ದವಷ್ಟೆ. ಎರಡು ಮನೆಯಲ್ಲಿ ಎರಡು ವಯಸ್ಸಿನ ಹುಳು, ಪಾಠಕ್ಕೆ ಇದಕ್ಕಿಂತ ಏನು ಬೇಕು. ಮಕ್ಕಳು ಹುಳು ಸೊಪ್ಪು ತಿನ್ನುವ ಸದ್ದಿಗೆ ಕಿವಿಗೊಟ್ಟು ನಿಂತಿದ್ದ ಫೋಟೋ ತೆಗೆದು ಶಿಕ್ಷಕರ ಗ್ರೂಪಿಗೆ ಹಾಕಿದೆ. ಮೂವತ್ತು ಜನ ಮೆಚ್ಚಿದರು.

ಆರು ದಿನ ಕಳೆದ ಮೇಲೆ ವೆಂಕಟರಾಯಪ್ಪನವರ ಹುಳು ಸಾಯತೊಡಗಿದವು.

ನವ್ಯಶ್ರೀ ಅಳುತ್ತಾ ಬಂದು ಹೇಳಿದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೇ ಹೋದೆ. ಹಿಂದೆಯೇ ಮಕ್ಕಳೂ ಬಂದರು. ಹುಳುಮನೆಯ ಮುಂದೆ ಏಳೆಂಟು ಜನ ಸೇರಿದ್ದರು. ಯಜಮಾನರ ಹೆಂಡತಿ ಅಕ್ಕಯಮ್ಮ ತಲೆ ಮೇಲೆ ಕೈ ಹೊತ್ತು ಕೂತು, ಯಾರ ಕಣ್ಣು ಬಿತ್ತೋ ಎನ್ನುತ್ತಿದ್ದರು. ಯಾರೋ ಒಬ್ಬಳು ಅಷ್ಟು ಮಕ್ಕಳು ಬಂದು ಹೋದರಲ್ಲ ಎಂದಳು. ಇನ್ನೊಬ್ಬಳು ದೃಷ್ಟಿ ಹೋಗೋಕೆ ತಡೆ ಒಡೆಸಿ ಎಂದಳು. ನನಗೆ ಬಂತು ನೋಡಿ ಕೋಪ. ಕಣ್ಣು ಬೀಳುವುದು, ತಡೆ ಒಡೆಸುವುದು, ಅದೂ ನನ್ನ ಮಕ್ಕಳ ಎದುರಿಗೆ.

ವೆಂಕಟರಾಯಪ್ಪನವರು ಮಾತ್ರ ಕಣ್ಣಿನ ಮಾತು ಆಡಲಿಲ್ಲ. ಸತ್ತ ಹುಳುಗಳ ಮೊರ ಹಿಡಿದು ಹೊರಗೆ ಬಂದು, ತಗ್ಗಿದ ದನಿಯಲ್ಲಿ, ಇದು ಹಾಲುತೊಂಡೆ ಇದ್ದಂಗೈತೆ ಮೇಡಮ್ಮೋರೆ ಎಂದರು. ಹಾಲುತೊಂಡೆ ಎಂದರೆ ಹುಳು ಊದಿಕೊಂಡು ಚರ್ಮ ಒಡೆದು ಹಾಲಿನಂಥ ನೀರು ಸುರಿಸಿ ಸಾಯುವ ರೋಗ. ಆ ಹೆಸರನ್ನು ನಾನು ಕೇಳಿದ್ದೆ, ಅದರ ಬಗ್ಗೆ ಓದಿರಲಿಲ್ಲ. ಓದಿಲ್ಲ ಎಂದು ಒಪ್ಪಿಕೊಳ್ಳಬೇಕಲ್ಲ, ಅದು ನನ್ನಿಂದ ಆಗಲಿಲ್ಲ.

"ಇಲ್ಲ ಯಜಮಾನ್ರೇ, ಇದು ಔಷಧಿ ತಾಕಿರೋದು. ನೋಡೋಕೆ ಒಂದೇ ಥರ ಕಾಣುತ್ತೆ ಅಷ್ಟೆ. ಗಿಡಕ್ಕೆ ಔಷಧಿ ಹೊಡೆಯೋರ ಬಟ್ಟೆ ತಾಕಿದ್ರೂ ಸಾಕು, ಹುಳು ಹೋಗಿಬಿಡುತ್ತೆ. ಇದಕ್ಕೆ ವೈಜ್ಞಾನಿಕ ಕಾರಣ ಇದೆ, ಕಣ್ಣು ಗಿಣ್ಣು ಅಲ್ಲ."

ಒಂದಿಬ್ಬರು ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ. ಆಮೇಲೆ ಒಬ್ಬೊಬ್ಬರೇ ತಿರುಗಿ ಒಂದೇ ಕಡೆ ನೋಡಿದರು. ಅಲ್ಲಿ ಚಂದನ ನಿಂತಿದ್ದಳು.

ಚಂದನಳಿಗೆ ಹನ್ನೊಂದು ವರ್ಷ. ತಾಯಿ ಮುತ್ಯಾಲಮ್ಮ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಟೆಂಪೋ ಬಂದು ಹೆಂಗಸರನ್ನು ತುಂಬಿಕೊಂಡು ಹೋಗಿ ಸಂಜೆ ತಂದು ಬಿಡುತ್ತದೆ. ಅಲ್ಲಿ ವಾರಕ್ಕೆ ಎರಡು ಸಲ ಗಿಡಗಳಿಗೆ ಔಷಧಿ ಹೊಡೆಯುವುದು ಅವಳ ಪಾಲಿಗೆ ಬಂದ ಕೆಲಸ. ತಂದೆ ನೆಲಮಂಗಲದ ಗೋಡೌನಿನಲ್ಲಿ ಲೋಡಿಂಗಿಗೆ ಇದ್ದಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ನನ್ನ ಕ್ಲಾಸಿನಲ್ಲಿ ಔಷಧಿ ಹೊಡೆಯುವವರ ಮಗು ಎಂದರೆ ಅವಳೊಬ್ಬಳೇ. ನಾನು ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲವಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಯಜಮಾನರು ಇಡೀ ಬೆಳೆಯನ್ನು ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದರು. ಗೂಡು ಕಟ್ಟಲು ಇನ್ನು ನಾಲ್ಕು ದಿನ ಇತ್ತಂತೆ. ಯಾರೂ ಚಂದನಳನ್ನು ಬೈಯಲಿಲ್ಲ. ಅವಳು ಬರುವಾಗ ದಾರಿ ಬಿಟ್ಟು ನಿಲ್ಲುತ್ತಿದ್ದರು, ಅಷ್ಟೆ. ಹುಳು ಸಾಕುವವರ ಬೀದಿಯಲ್ಲಿ ಬರಬೇಡ, ಕೆರೆ ಏರಿ ಮೇಲಿಂದ ಹೋಗವ್ವ ಎಂದು ಅಕ್ಕಯಮ್ಮನೇ ಮೆತ್ತಗೆ ಹೇಳಿದರಂತೆ. ಎರಡು ವರ್ಷದಿಂದ ಅವಳ ಪಕ್ಕ ಕೂರುತ್ತಿದ್ದ ನವ್ಯಶ್ರೀ ಬೇರೆ ಬೆಂಚಿಗೆ ಹೋದಳು. ಚಂದನ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರತೊಡಗಿದಳು.

ನಾನು ಗಮನಿಸಲಿಲ್ಲ ಎಂದಲ್ಲ. ಗಮನಿಸಿದೆ, ತಪ್ಪಾಗಿ. ದಿನಾ ತಲೆಗೆ ಸ್ನಾನ ಮಾಡಿ ಒದ್ದೆ ಜಡೆಯಲ್ಲಿ ಬರುತ್ತಿದ್ದಳು. ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜುತ್ತಿದ್ದಳು. ನನ್ನ ಪಾಠ ಈ ಮಗುವಿಗೆ ಹತ್ತಿದೆ ಎಂದು ಹೆಮ್ಮೆಪಟ್ಟೆ. ಒಂದು ದಿನ ಉಳಿದವರ ಮುಂದೆ ಅವಳನ್ನು ಹೊಗಳಿಯೂ ಬಿಟ್ಟೆ, ನೋಡಿ ಚಂದನ ಎಷ್ಟು ಚೊಕ್ಕ ಇರುತ್ತಾಳೆ ಎಂದು. ಅವಳು ತಲೆ ತಗ್ಗಿಸಿದಳು.

ಸೆಪ್ಟೆಂಬರ್ ಮಧ್ಯದಲ್ಲಿ ಒಂದು ದಿನ ಮುತ್ಯಾಲಮ್ಮ ಕೆಲಸಕ್ಕೆ ರಜೆ ಹಾಕಿ ಶಾಲೆಗೆ ಬಂದಳು. ಮಗಳ ಟಿ.ಸಿ. ಬೇಕಂತೆ, ನೆಲಮಂಗಲದಲ್ಲಿ ಅಜ್ಜಿ ಮನೆಯಲ್ಲಿ ಬಿಟ್ಟು ಓದಿಸುತ್ತಾಳಂತೆ. ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ದರು. ವರ್ಷದ ನಡುವೆ ಶಾಲೆ ಬಿಡಿಸಿದರೆ ಮಗು ಹಿಂದೆ ಬೀಳುತ್ತದೆ ಎಂದು ನಾನು ಎಂದಿನ ಉಪದೇಶ ಶುರು ಮಾಡಿದೆ. ಅವಳು ನನ್ನಿಂದ ಮೂರು ಮಾರು ದೂರದಲ್ಲಿ, ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಅವ್ಳು ನನ್ ಪಕ್ಕ ಮಲಗ್ತಿಲ್ಲ ಮೇಡಮ್ಮೋರೆ," ಎಂದಳು. "ನಾನ್ ಇಕ್ಕಿದ್ ಅನ್ನ ಉಣ್ಣಲ್ಲ, ತಾನೇ ಬಡಿಸ್ಕೋತಾಳೆ. ನನ್ ಸೀರೆ ತಗಲಿದ್ರೆ ಹೋಗಿ ನೀರು ಹುಯ್ಕೋತಾಳೆ. ಕೆಲ್ಸ ಬಿಡಾನ ಅಂದ್ರೆ ಬೇರೆ ಕೆಲ್ಸ ಇಲ್ಲ. ನೆಲಮಂಗಲದಾಗೆ ಹುಳ ಸಾಕೋರಿಲ್ಲ, ಲಾರಿಗಳೇ. ಅಲ್ಲಾದ್ರೂ ನೆಮ್ಮದಿಯಾಗಿ ಇರ್ಲಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅವಳೂ ನನ್ನ ಮಾತನ್ನು ನಂಬಿದ್ದಳು. ತನ್ನ ಮೈಯಿಂದಲೇ ಮಗಳಿಗೆ ಕೆಟ್ಟ ಹೆಸರು ಬಂತು ಎಂದು ನಂಬಿ, ಮಗಳನ್ನು ತನ್ನಿಂದ ದೂರ ಕಳಿಸಲು ಬಂದಿದ್ದಳು. ನಾಳೆ ಬಾ ಎಂದು ಕಳಿಸಿದೆ.

ಟಿ.ಸಿ. ಜೊತೆಗೆ ಅದುವರೆಗಿನ ಅಂಕ ಕೊಡಬೇಕು. ಚಂದನಳ ವೀಕ್ಷಣೆ ಪುಸ್ತಕ ಬೀರುವಿನಲ್ಲಿತ್ತು, ತೆಗೆದೆ. ರೇಷ್ಮೆ ಹುಳುವಿನ ಪುಟದ ಕೆಳಗೆ ಕೆಂಪು ಇಂಕಿನಲ್ಲಿ ನನ್ನ ಸಹಿ, ಪಕ್ಕದಲ್ಲಿ 'ಉತ್ತಮ'. ಅಕ್ಷರ ದುಂಡಗಿದೆ, ತಾರೀಖು ಇದೆ, ಚಿತ್ರ ಇದೆ, ಹಾಕು ಸಹಿ. ಹತ್ತೊಂಬತ್ತು ಪುಸ್ತಕಕ್ಕೆ ಹತ್ತು ನಿಮಿಷದಲ್ಲಿ ಸಹಿ ಹಾಕಿದ್ದೆ. ಈಗ ಮೊದಲ ಸಲ ಆ ಪುಟ ಓದಿದೆ.

'ಕೆಂಪರಾಜಣ್ಣನ ಹುಳುಮನೆ. ಹುಳುಗಳು ದೊಡ್ಡದಾಗಿವೆ. ಒಂದು ಹುಳು ಸ್ಟ್ಯಾಂಡಿನ ಅಂಚಿನ ಮೇಲೆ ಓಡಾಡುತ್ತಿತ್ತು. ಅದು ಹಳದಿ ಇತ್ತು, ಊದಿತ್ತು. ಮಿಸ್ ಅದನ್ನು ಕೈಯಲ್ಲಿ ತೆಗೆದುಕೊಂಡು ನಮಗೆ ತೋರಿಸಿದರು. ಅದು ಒಡೆದು ಹಾಲಿನ ಥರ ಬಂತು. ಮಿಸ್ ಸೆರಗಿಗೆ ಒರೆಸಿಕೊಂಡರು. ಆಮೇಲೆ ವೆಂಕಟರಾಯಪ್ಪ ತಾತನ ಹುಳುಮನೆ. ಅಕ್ಕಯಮ್ಮಜ್ಜಿ ಬಾಗಿಲಲ್ಲಿ ಕೈ ತೊಳೆಯುವ ಔಷಧಿ ನೀರಿನ ಬೋಗುಣಿ ಇಟ್ಟಿತ್ತು. ನಾವೆಲ್ಲ ಕೈ ಅದ್ದಿದೆವು. ಮಿಸ್ ಅದ್ದಲಿಲ್ಲ. ಮಿಸ್ ಫೋಟೋ ತೆಗೆಯುತ್ತಿದ್ದರು. ಮಿಸ್ ಮೂಲೆಯ ಸ್ಟ್ಯಾಂಡಿನಲ್ಲಿ ಎರಡನೇ ಅಂತಸ್ತಿಗೆ ಕೈ ಹಾಕಿ ಹುಳು ತೆಗೆದು ತೋರಿಸಿದರು. ನಾನು ಒಳಗೆ ಹೋಗಲಿಲ್ಲ. ನನಗೆ ಹುಳು ಭಯ. ಬಾಗಿಲಲ್ಲಿ ನಿಂತು ನೋಡಿದೆ.'

ಅದರ ಕೆಳಗೆ 'ಕಾರಣ' ಎಂಬ ಸಾಲು ಖಾಲಿ ಇತ್ತು.

ಎರಡು ಸಲ ಓದಿದೆ. ಎಲ್ಲವೂ ನೆನಪಾಯಿತು. ಬೆರಳಿಗೆ ಅಂಟಿದ ಬೆಚ್ಚನೆಯ ಅಂಟು ಕೂಡ. ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಫೋನು, ಬೋಗುಣಿಯ ಪಕ್ಕದಲ್ಲೇ ದಾಟಿ ಹೋಗಿದ್ದೆ. ಅಕ್ಕಯಮ್ಮ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗಿದ್ದರು.

ಆ ಪುಸ್ತಕವನ್ನು ಬೀರುವಿಗೆ ವಾಪಸ್ಸು ಇಟ್ಟು ಅಂಕ ಬರೆದು ಕಳಿಸಬಹುದಿತ್ತು. ಮಗು ನೆಲಮಂಗಲಕ್ಕೆ ಹೋಗುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಯೋಚನೆ ನನಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ಸುಮಾರು ಹೊತ್ತು ಇತ್ತು. ಕಡೆಗೆ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ವೆಂಕಟರಾಯಪ್ಪನವರ ಮನೆಗೆ ನಡೆದೆ.

ಅವರು ಜಗಲಿಯ ಮೇಲೆ ಕೂತು ಚಂದ್ರಿಕೆ ರಿಪೇರಿ ಮಾಡುತ್ತಿದ್ದರು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ ಅದು, ಮುಂದಿನ ಬೆಳೆಗೆ ಸಿದ್ಧವಾಗುತ್ತಿತ್ತು. ಪುಟವನ್ನು ಅವರಿಗೆ ಓದಿ ಹೇಳಿದೆ. ಮೊದಲು ಯಾವ ಸ್ಟ್ಯಾಂಡಿನಲ್ಲಿ ಹುಳು ಸತ್ತವು ಎಂದು ಕೇಳಿದೆ. ಮೂಲೇದು, ಎರಡನೇ ಅಂತಸ್ತು ಎಂದರು. ಬಾಗಿಲ ಹತ್ತಿರದ ಸ್ಟ್ಯಾಂಡಿಗೆ ರೋಗ ಹಬ್ಬಿದ್ದು ಎಲ್ಲಕ್ಕಿಂತ ಕೊನೆಗೆ. ಕೆಂಪರಾಜನ ಹುಳುಗಳು ಆಗಲೇ ದೊಡ್ಡವಾಗಿದ್ದರಿಂದ ರೋಗ ಹಬ್ಬುವ ಮುಂಚೆಯೇ ಗೂಡು ಕಟ್ಟಿ ಉಳಿದುಕೊಂಡಿದ್ದವು. ಈ ಪ್ರಶ್ನೆಯನ್ನು ನಾನು ಅವತ್ತೇ ಕೇಳಬಹುದಿತ್ತು. ಎಲ್ಲದಕ್ಕೂ ಕಾರಣ ಕೇಳುವವಳು ಅವತ್ತು ಕೇಳಲೇ ಇಲ್ಲ, ಕಾರಣ ಹೇಳಿಬಿಟ್ಟೆ.

"ಔಷಧಿ ತಾಕಿದ್ರೆ ಹುಳ ಅವತ್ತೇ ತಲೆ ಒದರ್ಕಂಡು ಸಾಯ್ತವೆ ಮೇಡಮ್ಮೋರೆ. ಆರು ದಿನ ಕಾಯಲ್ಲ," ಎಂದರು ಯಜಮಾನರು. "ಹಾಲುತೊಂಡೆ ಅಂತ ಅವತ್ತೇ ಅಂದೆ. ನೀವು ಓದಿರೋರು, ಇಲ್ಲ ಅಂದ್ರಿ. ನಂದೇ ತಪ್ಪಿರ್ಬೇಕು ಅಂತ ಸುಮ್ಕಾದೆ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ಮಗೀನ ಏರಿ ಮೇಲೆ ಓಡಾಡಿಸಿಬಿಟ್ವಲ್ಲ ಎಂದು ಹೆಂಡತಿಯ ಮುಖ ನೋಡಿದರು. ಅಕ್ಕಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೈ ಅದ್ದಿ ಅಂತ ಮೇಡಮ್ಮೋರಿಗೆ ಹೆಂಗೆ ಹೇಳದು ಅಂತ ನಾನೂ ಸುಮ್ಕಿದ್ದೆ ಎಂದರು. ಹೊರಡುವಾಗ ಯಜಮಾನರು ಒಂದು ಮಾತು ಹೇಳಿದರು. ಮಕ್ಕಳು ಯಾವಾಗ ಬೇಕಾದರೂ ಬರಲಿ, ನೀವು ಮಾತ್ರ ಇನ್ನು ನಮ್ಮ ಹುಳುಮನೆ ಒಳಕ್ಕೆ ಬರಬೇಡಿ. ಆಯಿತು ಎಂದೆ. ನ್ಯಾಯ ಅದು.

ಮಾರನೇ ದಿನ ಬೆಳಿಗ್ಗೆ ಮುತ್ಯಾಲಮ್ಮ ಟೆಂಪೋ ಹತ್ತುವ ಮುಂಚೆ ಟಿ.ಸಿ.ಗೆಂದು ಬಂದಳು. ಗೇಟಿನ ಹತ್ತಿರವೇ ಎಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳಿಗೆ ಕೋಪ ಬಂದಿತ್ತು.

"ನೀವೇ ಅವ್ಳಿಗೆ ಹೇಳಿ," ಎಂದಳು. "ನಾನ್ ಹೇಳಿದ್ರೆ ನಂಬಲ್ಲ. ಮಿಸ್ಸು ಹೇಳಿದ್ರೇ ನಂಬೋದು ಅವ್ಳು. ಅದ್ಕೇ ಇಷ್ಟೆಲ್ಲ ಆಗಿದ್ದು."

ಟಿ.ಸಿ. ಕೇಳದೆಯೇ ಅವಳು ಟೆಂಪೋ ಹತ್ತಿದಳು. ಮೊದಲನೇ ಪೀರಿಯಡ್ಡಿಗೆ ಆರನೇ ಕ್ಲಾಸಿಗೆ ಹೋದೆ. ಪ್ರಾರ್ಥನೆಗೆ, ಭಾಷಣಕ್ಕೆ, ಇನ್‌ಸ್ಪೆಕ್ಷನ್ನಿಗೆ ಹೆದರದವಳು ಹತ್ತೊಂಬತ್ತು ಮಕ್ಕಳ ಮುಂದೆ ಹೆದರಿ ನಿಂತೆ. ವೆಂಕಟರಾಯಪ್ಪ ತಾತನ ಹುಳು ಸತ್ತದ್ದು ಔಷಧಿಯಿಂದಲ್ಲ, ಚಂದನಳಿಂದ ಅಲ್ಲ, ಅವರಮ್ಮನಿಂದ ಅಲ್ಲ, ರೋಗದ ಹುಳು ಮುಟ್ಟಿದ ನನ್ನ ಕೈಯಿಂದ ಎಂದು ಬಿಡಿಸಿ ಹೇಳಿದೆ. ನಾನು ಅವತ್ತು ನೋಡದೆ, ಕೇಳದೆ, ಅಂದುಕೊಂಡದ್ದನ್ನು ಹೇಳಿದೆ ಎಂದೆ. ನವ್ಯಶ್ರೀ ಹಿಂದೆ ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದಳು.

ಚಂದನಳ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅರಳಲಿಲ್ಲ. ನೀನು ಒಳಗೇ ಹೋಗಿರಲಿಲ್ಲವಲ್ಲ ಮಗು, ನಿನಗೆ ಗೊತ್ತಿತ್ತಲ್ಲ, ನನಗೆ ಬಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಈಗಲೂ ಅವಳನ್ನೇ ಕೇಳುತ್ತಿದ್ದೆ ನೋಡಿ. ಅವಳು ಎದ್ದು ನಿಂತಳು.

"ಹೋಗಿರ್ಲಿಲ್ಲ ಅಂತ ಗೊತ್ತಿತ್ತು ಮಿಸ್. ಆದ್ರೆ ನೀವು ಹೇಳಿದ್ರಲ್ಲ. ಬಾಗ್ಲಿಂದ್ಲೇ ವಾಸ್ನೆ ಹೋಗಿರುತ್ತೆ ಅಂದ್ಕೊಂಡೆ." ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ಈಗ ಹೇಳ್ತಿರೋದು ನಿಜಾನಾ ಮಿಸ್?"

ಇಪ್ಪತ್ತಮೂರು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವಂತೆ ನಾನು ಬೆಳೆಸಿರಲಿಲ್ಲ. ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ ಎಂದು ಗೋಡೆಗೆಲ್ಲ ಬರೆಸಿದ್ದೆ, ನನ್ನೊಬ್ಬಳನ್ನು ಬಿಟ್ಟು.

ನಿಜ ಎನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಅವಳ ಪುಸ್ತಕವನ್ನು ಕೈಗೆ ಕೊಟ್ಟು, ನಾನು ಹೇಳಿದೆ ಎಂದು ನಂಬಬೇಡ, ನೀನು ಕಂಡದ್ದನ್ನು ನೀನೇ ಓದು ಎಂದೆ. ಅವಳು ನಿಂತುಕೊಂಡೇ ಗಟ್ಟಿಯಾಗಿ ಓದಿದಳು. 'ಮಿಸ್ ಅದ್ದಲಿಲ್ಲ' ಎಂಬಲ್ಲಿ ದನಿ ಸಣ್ಣದಾಯಿತು, ಆದರೆ ಓದಿದಳು. 'ನಾನು ಒಳಗೆ ಹೋಗಲಿಲ್ಲ' ಎಂಬ ಸಾಲನ್ನು ಒಂದು ಸಲ ಓದಿ, ಮತ್ತೆ ಇನ್ನೊಂದು ಸಲ ಓದಿದಳು. ಆಮೇಲೆ ಕೂತು, ಪೆನ್ಸಿಲ್ಲು ಕಚ್ಚಿ ಯೋಚಿಸಿ, ಖಾಲಿ ಸಾಲಿನಲ್ಲಿ ಏನೋ ಬರೆದು ನನ್ನ ಮೇಜಿಗೆ ತಂದಿಟ್ಟಳು. 'ಕಾರಣ: ಮಿಸ್ ಕೈ ತೊಳೆಯಲಿಲ್ಲ.'

ಹಳೆಯ 'ಉತ್ತಮ'ವನ್ನು ಹೊಡೆದು ಹಾಕಿದೆ. ಮೊದಲಿನಿಂದ ಕೊನೆಯವರೆಗೆ ಓದಿ, ಈ ಸಲ ಬರೀ ಸಹಿ ಹಾಕಿದೆ. ಅಂಕ ಹಾಕುವ ಯೋಗ್ಯತೆ ನನಗಿದೆ ಅನ್ನಿಸಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಾಲಿಹೌಸಿನ ಟೆಂಪೋ ಬಂದು ನಿಂತು ಹೆಂಗಸರನ್ನು ಇಳಿಸಿತು. ಅರಳಿಕಟ್ಟೆಯ ಹತ್ತಿರ ಚಂದನ ಬ್ಯಾಗು ಹೊತ್ತು ನಿಂತಿದ್ದಳು. ಅವಳನ್ನು ಕಂಡ ಮುತ್ಯಾಲಮ್ಮ ಈ ತಿಂಗಳ ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಗಳನ್ನು ಮುಟ್ಟಿಬಿಟ್ಟೇನು ಎಂಬ ಭಯ ಅವಳ ಮೈಯಲ್ಲಿ ಅಷ್ಟು ಕೂತಿತ್ತು.

ಚಂದನ ಹೋಗಿ ಸೆರಗಿನೊಳಗಿಂದ ತಾಯಿಯ ಕೈ ಎಳೆದು ಹೊರಗೆ ತೆಗೆದಳು. ಅಂಗೈ ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಔಷಧಿ ವಾಸ್ನೆ ಐತೆ ಕಣಮ್ಮ. ಕೈಗೆ ಗ್ಲೌಸ್ ಕೊಡಕ್ಕೆ ಹೇಳು ಅವ್ರಿಗೆ. ಇದು ನಿಂಗೇ ಒಳ್ಳೇದಲ್ಲ."

ಮುತ್ಯಾಲಮ್ಮ ಕೈ ಬಿಡಿಸಿಕೊಳ್ಳಲು ನೋಡಿದಳು. ಮಗಳು ಬಿಡಲಿಲ್ಲ. ಇಬ್ಬರೂ ಹುಳು ಸಾಕುವವರ ಬೀದಿಯಲ್ಲೇ ನಡೆದು ಮನೆಗೆ ಹೋದರು.